ಪ್ರಾಜೆಕ್ಟ್ ಕೋಆರ್ಡಿನೇಟರ್ ಕೆಲಸ: ಕಾಸರಗೋಡಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ದೇಲಂಪಾಡಿಯವರೆಗಿನ ನಮ್ಮ ಊರುಗಳಲ್ಲಿ ಪದವಿ ಮುಗಿಸಿದವರು ಉದ್ಯೋಗ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಕಾಣುವ ಹುದ್ದೆ ‘ಪ್ರಾಜೆಕ್ಟ್ ಕೋಆರ್ಡಿನೇಟರ್’, ಅಂದರೆ ಯೋಜನಾ ಸಂಯೋಜಕ. ಸ್ವಯಂಸೇವಾ ಸಂಸ್ಥೆ, ಸಹಕಾರಿ ಸಂಘ, ಆಸ್ಪತ್ರೆ, ಸಂಶೋಧನಾ ಕೇಂದ್ರ, ಗುತ್ತಿಗೆದಾರರ ಕಚೇರಿ, ಎಲ್ಲರೂ ಇವರನ್ನು ಕರೆಯುತ್ತಾರೆ. ಕೆಲಸವೇನೆಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಗಡಿನಾಡಿನಲ್ಲಿ ಈ ಕೆಲಸ ಮಾಡುತ್ತಿರುವ ನನ್ನಲ್ಲಿ ಕಿರಿಯರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಗ್ರಾಮೀಣ ಯೋಜನೆಗಳವು. ಕಂಪೆನಿ ಸೇರುವವರಿಗೂ ಇವುಗಳಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತವೆ.

ಯೋಜನಾ ಸಂಯೋಜಕರೆಂದರೆ ನಿಜವಾಗಿ ಯಾರು?

ಯೋಜನೆಯೊಂದರಲ್ಲಿ ಇವತ್ತು ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು ತಿಳಿದಿರುವವರು. ಶಾಲೆಗೆ ಕುಡಿಯುವ ನೀರಿನ ಘಟಕ ಹಾಕಬೇಕು ಎಂದುಕೊಳ್ಳಿ. ಪ್ಲಂಬರ್ ಪೈಪಿಗಾಗಿ ಕಾಯುತ್ತಿದ್ದಾನೆ, ಪೈಪಿನ ಅಂಗಡಿಯವರು ಮುಂಗಡಕ್ಕಾಗಿ, ಲೆಕ್ಕಪತ್ರ ವಿಭಾಗದವರು ಮುಖ್ಯೋಪಾಧ್ಯಾಯರ ಸಹಿಯಿರುವ ಕೊಟೇಶನ್‌ಗಾಗಿ. ಮುಖ್ಯೋಪಾಧ್ಯಾಯರು ತರಬೇತಿಗೆ ಹೋಗಿದ್ದಾರೆ. ಇವರಲ್ಲಿ ಯಾರನ್ನೂ ಸೋಮಾರಿ ಎನ್ನುವಂತಿಲ್ಲ, ಆದರೂ ಕೆಲಸ ನಿಂತಿದೆ. ಈ ಸರಪಳಿಯನ್ನು ಹುಡುಕಿ, ತರಬೇತಿ ನಡೆಯುವಲ್ಲಿಗೇ ಹೋಗಿ ಸಹಿ ಪಡೆದು ಬರುವುದು ಸಂಯೋಜಕರ ಕೆಲಸ. ನೋಡಿದವರಿಗೆ ಇದೊಂದು ದೊಡ್ಡ ಸಾಧನೆ ಎನಿಸುವುದಿಲ್ಲ. ಆ ಸಹಿ ಬಾರದೆ ಎರಡು ವಾರ ಕಳೆದರೆ ಮಾತ್ರ ಎಲ್ಲರೂ ನಿಮ್ಮ ಹೆಸರನ್ನೇ ಹೇಳುತ್ತಾರೆ.

ಪ್ರಾಜೆಕ್ಟ್ ಮ್ಯಾನೇಜರ್‌ಗೂ ಇವರಿಗೂ ಏನು ವ್ಯತ್ಯಾಸ?

ಎಷ್ಟು ಹಣ, ಎಷ್ಟು ಜನ, ಏನನ್ನು ಮಾಡಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಿ ಫಲಿತಾಂಶಕ್ಕೆ ಉತ್ತರ ಕೊಡುವವರು ಮ್ಯಾನೇಜರ್. ಆ ತೀರ್ಮಾನಕ್ಕೆ ಬೇಕಾದ ಮಾಹಿತಿಯನ್ನು ಹೊತ್ತಿಗೆ ಸರಿಯಾಗಿ ಒದಗಿಸಿ, ತೀರ್ಮಾನವಾದ ಮೇಲೆ ಅದು ಜಾರಿಯಾಗುವಂತೆ ನೋಡಿಕೊಳ್ಳುವವರು ಸಂಯೋಜಕರು. ಪುಸ್ತಕದಲ್ಲಿ ಇಷ್ಟೇ.

ನಮ್ಮ ಕಡೆಯ ಸಣ್ಣ ಸಂಸ್ಥೆಗಳಲ್ಲಿ ಎರಡೂ ಒಬ್ಬರ ತಲೆಯ ಮೇಲೆಯೇ ಬೀಳುತ್ತವೆ, ಅದೂ ಸಂಯೋಜಕರ ಸಂಬಳದಲ್ಲಿ. ಆದ್ದರಿಂದ ಸೇರುವಾಗಲೇ ಎರಡು ಪ್ರಶ್ನೆ ಕೇಳಿ: ಎಷ್ಟು ರೂಪಾಯಿಯವರೆಗಿನ ಖರ್ಚಿಗೆ ನಾನೇ ಸಹಿ ಮಾಡಬಹುದು? ಕ್ಷೇತ್ರದ ಸಿಬ್ಬಂದಿಯ ರಜೆಗೆ ಅನುಮತಿ ಕೊಡುವವರು ಯಾರು? ಉತ್ತರ ತಡವರಿಸುತ್ತಾ ಬಂದರೆ ಅಲ್ಲಿ ಅಧಿಕಾರವನ್ನು ಯಾರೂ ಹಂಚಿಕೊಂಡಿಲ್ಲ ಎಂದರ್ಥ.

ದಿನದ ಕೆಲಸ ಹೇಗಿರುತ್ತದೆ?

ಬೆಳಿಗ್ಗೆ ಫೋನ್, ಮಧ್ಯಾಹ್ನ ಸ್ಥಳಭೇಟಿ, ಸಂಜೆ ಕಾಗದ. ಸಭೆ ಕರೆಯುವುದು, ನಡಾವಳಿ ಬರೆಯುವುದು, ವೇಳಾಪಟ್ಟಿ ತಿದ್ದುವುದು, ಬಿಲ್ ಮತ್ತು ವೋಚರ್ ಹೊಂದಿಸುವುದು, ಫೋಟೊ ಮತ್ತು ಹಾಜರಿ ಪಟ್ಟಿ ಕಡತಕ್ಕೆ ಸೇರಿಸುವುದು, ತಿಂಗಳ ವರದಿ ಕಳುಹಿಸುವುದು. ಬಸ್ ತಪ್ಪಿದರೆ ಅರ್ಧ ದಿನ ಹೋಯಿತು. ಪೆರ್ಲ, ಮುಳ್ಳೇರಿಯ ಕಡೆ ಕೆಲಸವಿದ್ದರೆ ಸ್ವಂತ ದ್ವಿಚಕ್ರ ವಾಹನ ಇದ್ದವರಿಗೆ ಸಲೀಸು.

ಸಭೆಯ ನಡಾವಳಿ ಬರೆಯುವುದು ಅಷ್ಟು ದೊಡ್ಡ ವಿಷಯವೇ?

ಹೌದು. ಈ ಹುದ್ದೆಯಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವ ಜವಾಬ್ದಾರಿ ಇದೇ ಎಂಬುದು ನನ್ನ ದೃಢ ಅಭಿಪ್ರಾಯ.

‘ನೀರಿನ ಟ್ಯಾಂಕಿನ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು, ಶೀಘ್ರ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದು ಬರೆದರೆ ಅದು ಸಭೆ ನಡೆದದ್ದಕ್ಕೆ ಸಾಕ್ಷಿ, ಅಷ್ಟೇ. ಯಾರು, ಏನನ್ನು, ಯಾವ ದಿನಾಂಕದೊಳಗೆ ಎಂಬ ಮೂರೂ ಇದ್ದರೆ ಮಾತ್ರ ಅದು ಕೆಲಸದ ಕಾಗದ. ‘ಓವರ್‌ಸಿಯರ್ ಜನವರಿ 10ರೊಳಗೆ ಸ್ಥಳ ನೋಡಿ ಎಸ್ಟಿಮೇಟ್ ಕೊಡುವುದು, ತಡವಾದರೆ 11ರಂದು ಸಂಯೋಜಕರು ಕಾರ್ಯದರ್ಶಿಗೆ ತಿಳಿಸುವುದು’ ಎಂಬ ಒಂದು ಸಾಲು ಮೂರು ಪುಟದ ಭಾಷಣದ ವರದಿಗಿಂತ ಮೇಲು.

ನಡಾವಳಿಯನ್ನು ಸಭೆ ನಡೆದ ದಿನವೇ ಕಳುಹಿಸಿ. ವಾರ ಕಳೆದು ಕಳುಹಿಸಿದರೆ ‘ನಾನು ಹಾಗೆ ಹೇಳಲಿಲ್ಲವಲ್ಲ’ ಎಂಬ ಮಾತು ಖಂಡಿತ ಬರುತ್ತದೆ. ಮುಂದಿನ ಸಭೆಯನ್ನು ಹಿಂದಿನ ಸಭೆಯ ಈ ಪಟ್ಟಿಯಿಂದಲೇ ಶುರು ಮಾಡಿ. ಎಲ್ಲರೆದುರು ತಮ್ಮ ಹೆಸರಿನ ಮುಂದೆ ‘ಆಗಿಲ್ಲ’ ಎಂದು ಓದಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಮುಲಾಜಿಲ್ಲದೆ ಓದಿ, ಆದರೆ ಟೀಕೆ ಸೇರಿಸಬೇಡಿ.

ವೇಳಾಪಟ್ಟಿ ಮಾಡುವುದು ಹೇಗೆ? ಗ್ಯಾಂಟ್ ಚಾರ್ಟ್ ಕಲಿಯಬೇಕೇ?

ಕಲಿಯಿರಿ, ಒಂದು ಸಂಜೆಯ ಕೆಲಸ. 1910ರ ದಶಕದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಬಳಕೆಗೆ ತಂದ ಈ ಪಟ್ಟಿಯಲ್ಲಿ ಪ್ರತಿ ಕೆಲಸಕ್ಕೂ ಒಂದು ಅಡ್ಡಪಟ್ಟಿ ಇರುತ್ತದೆ, ಪಟ್ಟಿಯ ಉದ್ದವೇ ಅವಧಿ. ಅದಕ್ಕಿಂತ ಮುಖ್ಯವಾದದ್ದು ನಿರ್ಣಾಯಕ ಹಾದಿ: ಯಾವ ಕೆಲಸಗಳ ಸಾಲಿನಲ್ಲಿ ಒಂದು ದಿನ ತಡವಾದರೆ ಇಡೀ ಯೋಜನೆಯೇ ಒಂದು ದಿನ ತಡವಾಗುತ್ತದೆಯೋ ಆ ಸಾಲು. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪೆನಿಯ ಕಾರ್ಖಾನೆಗಳಿಗಾಗಿ ರೂಪುಗೊಂಡ ಈ ಲೆಕ್ಕವನ್ನು ನಮ್ಮ ತೋಡುಗಳ, ಅಂದರೆ ಹಳ್ಳಗಳ, ಮೇಲೆ ಹಾಕಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ.

ಕಾಸರಗೋಡಿನ ತೋಡುಗಳಲ್ಲಿ ಎರಡು ಬಗೆಯ ತಡೆಗಳಿವೆ. ಒಂದು ಪ್ರತಿವರ್ಷ ಕಟ್ಟುವ ‘ಕಟ್ಟ’. ಕಲ್ಲು, ಮಣ್ಣು, ಅಡಿಕೆ ಮರ, ಈಚೆಗೆ ಪ್ಲಾಸ್ಟಿಕ್ ಹಾಳೆ ಮತ್ತು ಮರಳಿನ ಚೀಲ ಬಳಸಿ ಹಾಕುವಂಥದ್ದು. ಏತಡ್ಕದ ಕಡೆಯ ಕಟ್ಟಗಳು ಹೆಸರುವಾಸಿ. ಇನ್ನೊಂದು ಕಾಂಕ್ರೀಟಿನ ಕಿಂಡಿ ಅಣೆಕಟ್ಟು. ಕಟ್ಟ ಹಾಕಲು ತೋಡಿನಲ್ಲಿ ನೀರು ಹರಿಯುತ್ತಿರಬೇಕು, ಆದರೆ ರಭಸ ಇಳಿದಿರಬೇಕು. ಅಂದರೆ ಹಿಂಗಾರು ಮುಗಿಯುತ್ತಿದ್ದಂತೆ, ನವೆಂಬರ್ ಕೊನೆಯಿಂದ ಡಿಸೆಂಬರ್‌ನೊಳಗೆ. ಜನವರಿ ಕೊನೆಗೆ ಹಾಕಿದರೆ ನಿಲ್ಲಿಸಲು ನೀರೇ ಉಳಿದಿರುವುದಿಲ್ಲ. ಕಿಂಡಿ ಅಣೆಕಟ್ಟಿನ ಕಾಮಗಾರಿಗೆ ಇದಕ್ಕೆ ತದ್ವಿರುದ್ಧವಾಗಿ ಒಣಗಿದ ತಳ ಬೇಕು. ಫೆಬ್ರವರಿಗೆ ಮೊದಲು ಅಡಿಪಾಯ ತೆಗೆಯುವುದು ಕಷ್ಟ, ಜೂನ್ ಆರಂಭಕ್ಕೆ ಮುಂಗಾರು ಬಂದು ನಿಲ್ಲುತ್ತದೆ. ಪಂಚಾಯತಿನ ಹಣಕಾಸು ವರ್ಷವೋ ಮಾರ್ಚ್ 31ಕ್ಕೇ ಮುಗಿಯುತ್ತದೆ.

ಈಗ ಹಿಂದಕ್ಕೆ ಎಣಿಸಿ. ಮಾರ್ಚ್‌ನೊಳಗೆ ಬಿಲ್ ಆಗಬೇಕಾದರೆ ಫೆಬ್ರವರಿ ಮೊದಲ ವಾರ ಕೆಲಸ ಶುರುವಾಗಬೇಕು, ಅದಕ್ಕೆ ಜನವರಿಯಲ್ಲಿ ಕರಾರು, ಡಿಸೆಂಬರ್‌ನಲ್ಲಿ ಟೆಂಡರ್, ಅದಕ್ಕೂ ಮೊದಲು ತಾಂತ್ರಿಕ ಅನುಮೋದನೆ. ಓಣಂ ರಜೆ ಮುಗಿದ ಕೂಡಲೇ ಎಸ್ಟಿಮೇಟ್ ಕೈಗೆ ಬರದಿದ್ದರೆ ಆ ವರ್ಷದ ಅಣೆಕಟ್ಟು ಆಗಲೇ ಕೈತಪ್ಪಿದೆ ಎಂದು ಸೆಪ್ಟೆಂಬರ್‌ನಲ್ಲೇ ಹೇಳಬಲ್ಲವರು ಒಳ್ಳೆಯ ಸಂಯೋಜಕರು. ಮಾರ್ಚ್‌ನಲ್ಲಿ ಹೇಳಲು ಯಾರಿಗೂ ಬರುತ್ತದೆ.

ಕೂಲಿಯಾಳುಗಳ ಲೆಕ್ಕವನ್ನೂ ಸೇರಿಸಿ. ಅಡಿಕೆ ಕೊಯ್ಲು ಇದೇ ತಿಂಗಳುಗಳಲ್ಲಿ. ಮೇ ಕೊನೆಗೆ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ, ಅಂದರೆ ನಾವು ಹೇಳುವ ‘ಮದ್ದು ಬಿಡುವ’ ದಿನಗಳಲ್ಲಿ ಮರ ಹತ್ತುವವರು ನಿಮ್ಮ ತರಬೇತಿ ಶಿಬಿರಕ್ಕೆ ಬರುವುದಿಲ್ಲ. ಅವರ ಕೂಲಿ ತುಂಬಿಕೊಡುವ ಶಕ್ತಿ ನಿಮ್ಮ ಯೋಜನೆಗಿಲ್ಲ. ಊರಿನ ಜಾತ್ರೆ, ಕೋಲ, ನೇಮ, ರಂಜಾನ್ ಉಪವಾಸ, ಶಾಲಾ ಪರೀಕ್ಷೆ, ಇವು ಕಂಪ್ಯೂಟರಿನಲ್ಲಿರುವ ವೇಳಾಪಟ್ಟಿಯ ಮಾದರಿಯಲ್ಲಿ ತಾವಾಗಿ ಬರುವುದಿಲ್ಲ.

ಅಪಾಯ ಪಟ್ಟಿ ಎಂದರೇನು? ನಿಜಕ್ಕೂ ಬೇಕೇ?

ಏನೇನು ತಪ್ಪಬಹುದು, ತಪ್ಪಿದರೆ ಎಷ್ಟು ನಷ್ಟ, ಆಗ ಯಾರು ಏನು ಮಾಡುವುದು ಎಂದು ಮೊದಲೇ ಬರೆದಿಡುವುದು. ನಮ್ಮಲ್ಲಿ ಒಂದು ಅಪಾಯವಂತೂ ಕಾಯಂ. ಉತ್ತರ ಕಾಸರಗೋಡಿನ ರೋಗಿಗಳು ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳನ್ನು ನೆಚ್ಚಿಕೊಂಡವರು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕವು ಗಡಿ ರಸ್ತೆಗಳನ್ನು ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ಕೂಡ ನಿಂತವು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅದಕ್ಕೆ ಒಂದು ತಿಂಗಳು ಮೊದಲು ‘ಗಡಿ ಮುಚ್ಚಬಹುದು’ ಎಂದು ಯಾರಾದರೂ ಬರೆದಿದ್ದರೆ ಓದಿದವರು ನಗುತ್ತಿದ್ದರು. ಆರೋಗ್ಯ ಯೋಜನೆಯಾದರೆ ಗಡಿಯ ಈಚೆಗೆ ಪರ್ಯಾಯ ಆಸ್ಪತ್ರೆ ಯಾವುದು, ಕೇರಳದ ಚಿಕಿತ್ಸಾ ಯೋಜನೆಯ ಕಾರ್ಡ್ ಎಲ್ಲೆಲ್ಲಿ ನಡೆಯುತ್ತದೆ ಎಂಬ ಪಟ್ಟಿ ನಿಮ್ಮ ಬಳಿ ಸಿದ್ಧವಿರಲಿ.

ಹಣದ ಜವಾಬ್ದಾರಿ ಸಂಯೋಜಕರದ್ದೇ?

ಹಣ ಕೊಡುವವರು ನೀವಲ್ಲ, ಆದರೆ ಖರ್ಚು ಬಜೆಟ್ಟಿನ ಯಾವ ಶೀರ್ಷಿಕೆಗೆ ಸೇರುತ್ತದೆ ಎಂದು ನೋಡುವವರು ನೀವೇ. ಹಣದ ಮೂಲ ಬದಲಾದಂತೆ ನಿಯಮವೂ ಬದಲಾಗುತ್ತದೆ. ಕೇಂದ್ರ ಸರಕಾರದ ಅನುದಾನವಾದರೆ ಬಳಕೆ ಪ್ರಮಾಣಪತ್ರವನ್ನು ನಿಗದಿತ 12-ಎ ನಮೂನೆಯಲ್ಲೇ ಕೊಡಬೇಕು. ವಿದೇಶಿ ದೇಣಿಗೆಯಾದರೆ 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ, ಆ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಹಾಗಾಗಿ ‘ಮೊತ್ತದ ಒಂದು ಪಾಲನ್ನು ಊರಿನ ಕ್ಲಬ್ಬಿಗೆ ಕೊಟ್ಟು ಅವರಿಂದಲೇ ಮಾಡಿಸೋಣ’ ಎಂಬ ಸಲಹೆ ಬಂದರೆ ಒಪ್ಪಬೇಡಿ.

ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಅಂದರೆ ಸಿಎಸ್‌ಆರ್, 2013ರ ಕಂಪೆನಿ ಕಾಯ್ದೆಯ 135ನೇ ಕಲಮಿನಡಿ ಬರುತ್ತದೆ. ಈ ಕಲಮಿಗೆ ಒಳಪಡುವ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. ಅದರಲ್ಲಿ ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿ ಇದೆ. ಈ ಮಿತಿ ತೋರಿಸಿ ಸಂಯೋಜಕರ ಸಂಬಳವನ್ನು ಕತ್ತರಿಸಲು ಹೊರಡುವವರಿದ್ದಾರೆ. ಆ ಮಿತಿ ಕಂಪೆನಿಯೊಳಗಿನ ಸಾಮಾನ್ಯ ಆಡಳಿತಕ್ಕೆ. ನಿರ್ದಿಷ್ಟ ಯೋಜನೆಯ ರೂಪಣೆ, ಅನುಷ್ಠಾನ, ಮೇಲ್ವಿಚಾರಣೆಯ ನೇರ ಖರ್ಚು ಅದರೊಳಗೆ ಬರುವುದಿಲ್ಲ ಎಂದು ನಿಯಮದಲ್ಲೇ ಇದೆ. ಮಾತುಕತೆಗೆ ಕೂರುವ ಮೊದಲು ಓದಿಕೊಂಡು ಹೋಗಿ.

ಮಂಗಳೂರಿನಿಂದ ಸಾಮಾನು ತರಿಸಿದರೆ ತೊಂದರೆಯೇ?

ತೊಂದರೆಯಿಲ್ಲ, ಕಾಗದ ಸರಿಯಿರಬೇಕು. ಮಂಗಳೂರಿನ ಅಂಗಡಿಯವರು ಬದಿಯಡ್ಕಕ್ಕೆ ಸಾಗಿಸಿ ಕೊಡುವುದಾದರೆ ಅದು ಅಂತರರಾಜ್ಯ ಮಾರಾಟ, ಬಿಲ್‌ನಲ್ಲಿ ಐಜಿಎಸ್‌ಟಿ ಇರಬೇಕು. ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್, ಅಂದರೆ ಸರಕು ಸಾಗಣೆಯ ಆನ್‌ಲೈನ್ ದಾಖಲೆ ಕೂಡ ಬೇಕು. ‘ನಾವು ದಿನಾ ಕಳುಹಿಸುತ್ತೇವೆ, ಯಾರೂ ಕೇಳುವುದಿಲ್ಲ’ ಎಂಬ ಅಂಗಡಿಯವರ ಮಾತು ಲೆಕ್ಕಪರಿಶೋಧಕರ ಮುಂದೆ ನಡೆಯುವುದಿಲ್ಲ.

ಪಂಚಾಯತಿನೊಂದಿಗೆ ವ್ಯವಹರಿಸುವುದು ಹೇಗೆ? ಕರ್ನಾಟಕದಲ್ಲಿ ಕೆಲಸ ಮಾಡಿದ ಅನುಭವ ಸಾಕೇ?

ಅರ್ಧ ಸಾಕು. ಕೇರಳದ ಗ್ರಾಮ ಪಂಚಾಯತುಗಳಲ್ಲಿ ಗ್ರಾಮಸಭೆ ಎಂದರೆ ವಾರ್ಡಿನ ಮತದಾರರ ಸಭೆ, ವಾರ್ಡ್ ಸದಸ್ಯರೇ ಅದರ ಸಂಚಾಲಕರು. ಜನರೇ ಸೇರಿ ಊರಿನ ಯೋಜನೆ ರೂಪಿಸುವ, 1996ರಲ್ಲಿ ಶುರುವಾದ ಜನಕೀಯ ಯೋಜನೆಯಿಂದೀಚೆಗೆ ವರ್ಕಿಂಗ್ ಗ್ರೂಪ್, ಗ್ರಾಮಸಭೆ, ವಿಕಸನ (ಅಭಿವೃದ್ಧಿ) ಸೆಮಿನಾರ್, ಜಿಲ್ಲಾ ಯೋಜನಾ ಸಮಿತಿಯ ಅನುಮೋದನೆ ಎಂಬ ಕ್ರಮವಿದೆ. ಪ್ರತಿ ಪ್ರಾಜೆಕ್ಟಿಗೂ ಒಬ್ಬ ನಿರ್ವಹಣಾಧಿಕಾರಿ ಇರುತ್ತಾರೆ: ಕೃಷಿಯದ್ದಾದರೆ ಕೃಷಿ ಅಧಿಕಾರಿ, ಶಾಲೆಯದ್ದಾದರೆ ಮುಖ್ಯೋಪಾಧ್ಯಾಯರು, ಹೀಗೆ. ಅಧ್ಯಕ್ಷರನ್ನು ಕಂಡು ಬಂದರೆ ಎಲ್ಲ ಆಯಿತು ಎಂದು ತಿಳಿಯುವವರು ಈ ಅಧಿಕಾರಿಯನ್ನು ಮರೆಯುತ್ತಾರೆ. ಬಿಲ್ ಹೊರಡುವುದು ಅವರ ಮೇಜಿನಿಂದ.

ಇನ್ನೊಂದು ಬಾಗಿಲು ಕೇರಳ ಸರಕಾರದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀ. 1998ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ನೆರೆಕರೆಯ ಅಯಲ್‌ಕೂಟ, ವಾರ್ಡ್ ಮಟ್ಟದ ಎಡಿಎಸ್, ಪಂಚಾಯತು ಮಟ್ಟದ ಸಿಡಿಎಸ್ ಎಂಬ ಮೂರು ಹಂತಗಳಿವೆ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಬಾವಿ ಫೆಬ್ರವರಿಗೇ ಬತ್ತುತ್ತದೆ ಎಂಬುದು ನಿಮ್ಮ ಸಮೀಕ್ಷೆಗಿಂತ ಮೊದಲೇ ಅಯಲ್‌ಕೂಟದ ಹೆಂಗಸರಿಗೆ ಗೊತ್ತು.

ನನಗೆ ಮಲಯಾಳ ಅಷ್ಟಾಗಿ ಬಾರದು. ಈ ಕೆಲಸ ಆಗುತ್ತದೆಯೇ?

ಓದಲು ಕಲಿಯದೆ ಆಗುವುದಿಲ್ಲ. ಆದೇಶ, ಸುತ್ತೋಲೆ, ಎಸ್ಟಿಮೇಟಿನ ಟಿಪ್ಪಣಿ ಬಹುಪಾಲು ಮಲಯಾಳದಲ್ಲೇ ಬರುತ್ತವೆ. ಮಾತಾಡುವಾಗ ತಪ್ಪಿದರೆ ಯಾರೂ ಬೇಸರಿಸುವುದಿಲ್ಲ, ಓದುವಾಗ ತಪ್ಪಿದರೆ ಕೊನೆಯ ದಿನಾಂಕ ತಪ್ಪುತ್ತದೆ.

ಆದರೆ ನಿಮ್ಮ ಕನ್ನಡ ಇಲ್ಲಿ ಕೊರತೆಯಲ್ಲ, ಬಂಡವಾಳ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ಬೆಳ್ಳೂರಿನ ಹಿರಿಯರು ಮಲಯಾಳದ ಅರ್ಜಿಗೆ ಓದದೆ ಸಹಿ ಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಏನೆಂದು ಕೇಳಿದರೆ ‘ಮೆಂಬರ್ ಹೇಳಿದರು’ ಎನ್ನುತ್ತಾರೆ. ಒಪ್ಪಿಗೆ ಪತ್ರ, ಫಲಾನುಭವಿ ವಂತಿಗೆಯ ಷರತ್ತು, ದೂರು ಕೊಡುವ ಫೋನ್ ಸಂಖ್ಯೆ, ಈ ಮೂರಾದರೂ ಕನ್ನಡದಲ್ಲಿ ಇರಲೇಬೇಕು. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ತುಳುವಿನಲ್ಲಿ ವಿವರಿಸಿದರೆ ಇನ್ನೂ ಒಳ್ಳೆಯದು; ಪ್ರಶ್ನೆಗಳು ಹುಟ್ಟುವುದು ಆಗಲೇ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ವ್ಯವಸ್ಥೆಯಲ್ಲಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಇಲ್ಲಿನ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು. ಯೋಜನೆಯ ಬಜೆಟ್ಟಿನಲ್ಲಿ ಅನುವಾದ ಮತ್ತು ಮುದ್ರಣಕ್ಕೆ ಒಂದು ಸಾಲನ್ನು ಮೊದಲೇ ಸೇರಿಸಿ. ಆಮೇಲೆ ಕೇಳಿದರೆ ‘ಎಲ್ಲರಿಗೂ ಮಲಯಾಳ ಅರ್ಥವಾಗುತ್ತದಲ್ಲ’ ಎಂಬ ಉತ್ತರ ತಯಾರಿರುತ್ತದೆ.

ಅಧಿಕಾರವಿಲ್ಲದೆ ಜನರಿಂದ ಕೆಲಸ ಮಾಡಿಸುವುದು ಹೇಗೆ?

ಮೊದಲು ಒಂದು ಹಾಳೆಯಲ್ಲಿ ಪ್ರತಿ ಕೆಲಸದ ಮುಂದೆ ನಾಲ್ಕು ಹೆಸರು ಬರೆಯಿರಿ: ಮಾಡುವವರು, ಉತ್ತರ ಕೊಡಬೇಕಾದವರು, ಮೊದಲು ಕೇಳಬೇಕಾದವರು, ಆದ ಮೇಲೆ ತಿಳಿಸಬೇಕಾದವರು. ಉತ್ತರ ಕೊಡಬೇಕಾದವರ ಜಾಗದಲ್ಲಿ ಎರಡು ಹೆಸರು ಬಂದರೆ ಆ ಕೆಲಸ ಆಗುವುದಿಲ್ಲ. ತಿಳಿಸಬೇಕಾದವರನ್ನು ಮರೆತರೆ ಆಗಿದ್ದ ಕೆಲಸವೂ ಕೆಡುತ್ತದೆ. ಊರಿನ ಜಗಳಗಳಲ್ಲಿ ಅರ್ಧ ‘ನನಗೆ ಒಂದು ಮಾತು ಹೇಳಲಿಲ್ಲ’ ಎಂಬಲ್ಲಿಂದಲೇ ಶುರುವಾಗುತ್ತವೆ.

ಉಳಿದದ್ದು ನಡತೆ. ಎಂಜಿನಿಯರರಿಗೆ ನೆನಪಿಸಲು ಹೋಗುವಾಗ ಅವರಿಗೆ ಬೇಕಾದ ಸರ್ವೇ ನಂಬರ್, ಭೂಮಿ ಬಿಟ್ಟುಕೊಟ್ಟ ಒಪ್ಪಿಗೆ ಪತ್ರ, ಹಳೆಯ ಕಡತದ ಪ್ರತಿ ಕೈಯಲ್ಲಿರಲಿ. ಬರಿಗೈಯಲ್ಲಿ ಹೋಗಿ ‘ಏನಾಯಿತು ಸರ್’ ಎಂದು ಕೇಳುವವರನ್ನು ಎಲ್ಲ ಕಚೇರಿಗಳೂ ತಪ್ಪಿಸಿಕೊಳ್ಳುತ್ತವೆ. ಮೇಲಿನವರಿಗೆ ದೂರು ಕೊಡುವ ಮೊದಲು ‘ನಾಳೆ ಇದನ್ನು ಮೇಲಕ್ಕೆ ತಿಳಿಸಬೇಕಾಗುತ್ತದೆ’ ಎಂದು ಅವರಿಗೇ ಹೇಳಿ. ಹಿಂದಿನಿಂದ ದೂರು ಕೊಟ್ಟವರಿಗೆ ಈ ಸಣ್ಣ ಜಿಲ್ಲೆಯಲ್ಲಿ ಎರಡನೇ ಯೋಜನೆ ಸುಲಭವಲ್ಲ.

ಯೋಜನೆಯ ನಡುವೆ ಬದಲಾವಣೆ ಕೇಳಿದರೆ?

ಬಾಯಿಮಾತಿಗೆ ಒಪ್ಪಬೇಡಿ, ನಿರಾಕರಿಸಲೂ ಬೇಡಿ. ಕೇಳಿದವರು ಯಾರು, ಹೆಚ್ಚಾಗುವ ಹಣವೆಷ್ಟು, ದಿನವೆಷ್ಟು ಎಂದು ಬರೆದು ಮ್ಯಾನೇಜರ್‌ಗೂ ಹಣ ಕೊಟ್ಟವರಿಗೂ ಕಳುಹಿಸಿ. ಲಿಖಿತ ಒಪ್ಪಿಗೆ ಬರುವವರೆಗೆ ಹಳೆಯ ಯೋಜನೆಯೇ ಯೋಜನೆ.

ವರದಿಗೆ ಫಲಾನುಭವಿಗಳ ಫೋಟೊ ಬೇಕು ಎನ್ನುತ್ತಾರೆ. ಕೊಡಬಹುದೇ?

ಈ ಪ್ರಶ್ನೆ ಕಾಸರಗೋಡಿನಲ್ಲಿ ಹಗುರವಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರ ಫಲವನ್ನು ಎಣ್ಮಕಜೆಯೂ ಸೇರಿದಂತೆ ಹಲವು ಪಂಚಾಯತುಗಳು ಉಂಡಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಆ ಹೋರಾಟಕ್ಕೆ ಫೋಟೊಗಳು ನೆರವಾದದ್ದು ನಿಜ. ಆದರೆ ಅದೇ ಮನೆಗಳಿಗೆ ಕ್ಯಾಮೆರಾ ಹಿಡಿದು ಬಂದವರಲ್ಲಿ ಎಷ್ಟು ಮಂದಿ ತಿರುಗಿ ಬಂದರು ಎಂದು ಅಲ್ಲಿನ ತಾಯಂದಿರನ್ನು ಕೇಳಿ ನೋಡಿ. ನನ್ನ ಮಟ್ಟಿಗೆ ನಿಯಮ ಸ್ಪಷ್ಟ: ಮುಖ ಕಾಣುವ ಫೋಟೊಗೆ ಲಿಖಿತ ಒಪ್ಪಿಗೆ ಬೇಕು, ಮಕ್ಕಳ ಕಾಯಿಲೆ, ಹೆಸರು, ಮನೆ ಒಂದೇ ಪುಟದಲ್ಲಿ ಬರಕೂಡದು. ಹಣ ಕೊಡುವವರಿಗೆ ರಾಂಪ್, ಗಾಲಿಕುರ್ಚಿ, ಬಿಲ್ ಇವುಗಳ ಚಿತ್ರ ಸಾಕು. ಸಾಕಾಗದು ಎಂದರೆ ಮ್ಯಾನೇಜರ್ ಮೂಲಕ ವಾದಿಸಿ.

ಯಾವ ಓದು ಬೇಕು? ಸರ್ಟಿಫಿಕೇಟ್ ಇದ್ದರೆ ಅನುಕೂಲವೇ?

ಸಾಮಾನ್ಯವಾಗಿ ಯಾವುದಾದರೊಂದು ಪದವಿ ಕೇಳುತ್ತಾರೆ, ಸಾಮಾಜಿಕ ಯೋಜನೆಗಳಿಗೆ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಆದವರಿಗೆ ಆದ್ಯತೆ. ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ನಡೆಸುವ ಸಿಎಪಿಎಂ ಪರೀಕ್ಷೆಗೆ ಅನುಭವ ಬೇಕಿಲ್ಲ, 23 ಗಂಟೆಗಳ ತರಬೇತಿ ಸಾಕು. ಅದೇ ಸಂಸ್ಥೆಯ ಪಿಎಂಪಿಗೆ ವರ್ಷಗಳ ಅನುಭವ ಬೇಕು. ಬೆಂಗಳೂರು, ಕೊಚ್ಚಿ, ಕೊಲ್ಲಿ ರಾಷ್ಟ್ರಗಳ ಕಂಪೆನಿಗಳತ್ತ ಕಣ್ಣಿದ್ದವರಿಗೆ ಇವು ಪ್ರಯೋಜನಕ್ಕೆ ಬರುತ್ತವೆ. ಊರಿನ ಯೋಜನೆಗಳಿಗಾಗಿ ಅಷ್ಟು ಹಣ ಸುರಿಯಬೇಡಿ, ಕೇಂದ್ರ ಸರಕಾರದ ‘ಸ್ವಯಂ’ ಜಾಲತಾಣದಲ್ಲಿ ಉಚಿತ ಪಾಠಗಳಿವೆ. ಕುಟುಂಬಶ್ರೀಯ ಎಡಿಎಸ್‌ನಲ್ಲಿ ಲೆಕ್ಕಪುಸ್ತಕ ನಡೆಸಿದ ಮಹಿಳೆಯರು ಅದನ್ನು ಅರ್ಜಿಯಲ್ಲಿ ಬರೆಯಲು ನಾಚುತ್ತಾರೆ. ನಾನು ಸಂದರ್ಶನಕ್ಕೆ ಕುಳಿತರೆ ಮೊದಲು ನೋಡುವುದು ಅದನ್ನೇ.

ಯಾವ ಸಾಫ್ಟ್‌ವೇರ್ ಕಲಿಯಬೇಕು?

ಎಕ್ಸೆಲ್. ಉಳಿದದ್ದು ಸೇರಿದ ಮೇಲೆ. ಕನ್ನಡ ಯೂನಿಕೋಡ್ ಟೈಪಿಂಗ್ ಮಾತ್ರ ಈಗಲೇ ಕಲಿಯಿರಿ.

ಸಂಬಳ, ಭದ್ರತೆ ಹೇಗೆ?

ಹೆಚ್ಚಿನವು ಯೋಜನೆಯ ಅವಧಿಗಷ್ಟೇ ಸೀಮಿತವಾದ ಗುತ್ತಿಗೆ ಹುದ್ದೆಗಳು. ನೇಮಕಾತಿ ಪತ್ರದಲ್ಲಿ ಅವಧಿ, ಪ್ರಯಾಣ ಭತ್ಯೆ, ನೋಟಿಸಿನ ದಿನಗಳು ಇವೆಯೇ ನೋಡಿ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಭವಿಷ್ಯನಿಧಿಯ ನಿಯಮ ಅನ್ವಯಿಸುತ್ತದೆ. ‘ಗುತ್ತಿಗೆಯವರಿಗೆ ಇಲ್ಲ’ ಎಂದರೆ ಸುಮ್ಮನೆ ನಂಬಬೇಡಿ. ಹಣ ಕೊಡುವವರ ಕಂತು ತಡವಾದರೆ ಸಂಬಳ ಏನಾಗುತ್ತದೆ ಎಂಬುದನ್ನು ಸಂಕೋಚವಿಲ್ಲದೆ ಕೇಳಿ. ತಡವಾಗುತ್ತದೆ.

ಯೋಜನೆ ಮುಗಿದ ಮೇಲೆ ಸಂಯೋಜಕರ ಹೊಣೆ ಏನು?

ಉದ್ಘಾಟನೆಯ ಫಲಕ ಹಾಕಿದ ದಿನ ಯೋಜನೆ ಮುಗಿಯುವುದಿಲ್ಲ, ಹಸ್ತಾಂತರದ ದಿನ ಮುಗಿಯುತ್ತದೆ. ನೀರಿನ ಯೋಜನೆಯಾದರೆ ಪಂಪಿನ ವಾರಂಟಿ ಕಾರ್ಡ್, ಪೈಪ್ ಹೋದ ದಾರಿಯ ನಕ್ಷೆ, ಕೊಠಡಿಯ ಬೀಗದ ಕೈ, ಸಮಿತಿಯ ಪಾಸ್‌ಬುಕ್, ದುರಸ್ತಿಯವರ ಫೋನ್ ಸಂಖ್ಯೆ, ಇಷ್ಟನ್ನೂ ಪಟ್ಟಿ ಮಾಡಿ ಇಬ್ಬರ ಸಹಿಯೊಂದಿಗೆ ಕೊಡಿ. ವಿದ್ಯುತ್ ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದನ್ನು ಮುಖ್ಯವಾಗಿ ನೋಡಿಕೊಳ್ಳಿ. ಅದು ಸಂಸ್ಥೆಯ ಹೆಸರಿನಲ್ಲೇ ಉಳಿದರೆ ಬಿಲ್ ಸಂಸ್ಥೆಯ ವಿಳಾಸಕ್ಕೆ ಬರುತ್ತದೆ, ಅಷ್ಟರಲ್ಲಿ ನಿಮ್ಮ ಗುತ್ತಿಗೆ ಮುಗಿದಿರುತ್ತದೆ, ಯಾರೂ ಕಟ್ಟದೆ ಫ್ಯೂಸ್ ಕೀಳುತ್ತಾರೆ. ಹೆಸರು ಬದಲಾವಣೆಯ ಅರ್ಜಿಯನ್ನು ಹಸ್ತಾಂತರಕ್ಕೆ ಒಂದು ತಿಂಗಳು ಮೊದಲೇ ವಿದ್ಯುತ್ ಕಚೇರಿಗೆ ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ಕಡತದಲ್ಲಿ ಇಡಿ.